ಹನ್ನೊಂದನೇ ದೋಣಿಯ ಹಿಮ್ಮಡಿ

ಏಪ್ರಿಲ್ ಮೊದಲ ವಾರ. ಕೊಲ್ಲಿಯ ಬಿಸಿಲು ಬೀಳದ ಮೂಲೆಗಳಲ್ಲಿ ನೀರಿನ ಮೇಲೆ ಇನ್ನೂ ತೆಳ್ಳನೆಯ ಮಂಜಿನ ಹೆಪ್ಪು ಉಳಿದಿತ್ತು. ನಮ್ಮ ದೋಣಿ ಸಂಘದ ಅಂಗಳದಲ್ಲಿ ಮಾತ್ರ ಬೇಸಿಗೆಯ ಕೆಲಸ ಶುರುವಾಗಿತ್ತು. ಚಳಿಗಾಲವೆಲ್ಲ ಮರದ ತೊಟ್ಟಿಲುಗಳ ಮೇಲೆ ಕೂತಿದ್ದ ದೋಣಿಗಳ ಕೆಳಗೆ ಒಬ್ಬೊಬ್ಬರು ಅಂಗಾತ ಮಲಗಿ ಹೋದ ವರ್ಷದ ಬಣ್ಣ ಹೆರೆಯುತ್ತಿದ್ದರು. ಕೆಂಪು ಹುಡಿ, ನೀಲಿ ಹುಡಿ ಉದುರಿ ನೆಲದ ಜಲ್ಲಿಕಲ್ಲೆಲ್ಲ ಬಣ್ಣ ಬಣ್ಣವಾಗಿತ್ತು. ಟರ್ಪೆಂಟೈನ್ ಮತ್ತು ಕಾಫಿ, ಈ ಎರಡು ವಾಸನೆ ಸೇರಿದರೆ ನಮ್ಮಲ್ಲಿ ವಸಂತ ಬಂತು ಅಂತಲೇ ಲೆಕ್ಕ.

ನಾನೂ ಹೆರೆಯುತ್ತಿದ್ದೆ. ಒಂದು ವರ್ಷ ಬಿಟ್ಟು ಹೆರೆಯುತ್ತಿದ್ದೆ. ಹೋದ ವರ್ಷ ಏಪ್ರಿಲಿನಲ್ಲೇ ನನ್ನ ಹೆಂಡತಿ ಮಾಯ್ಲಿಸ್ ತೀರಿಹೋದಳು. ಆ ಬೇಸಿಗೆ ದೋಣಿ ನೀರಿಗಿಳಿಯಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಆದರೆ ಸಂಘದ ನಿಯಮ ಒಂದಿದೆ: ಸತತ ಎರಡು ಬೇಸಿಗೆ ನೀರಿಗಿಳಿಯದ ದೋಣಿಗೆ ನೀರಿನಂಚಿನ ಕಟ್ಟೆಯಲ್ಲಿ ಜಾಗವಿಲ್ಲ. ನಮ್ಮ ಜಾಗ ಕಟ್ಟೆಯ ಕೊನೆಯಿಂದ ಮೂರನೆಯದು. ಇಪ್ಪತ್ತಾರು ವರ್ಷ ನಾವಿಬ್ಬರೂ ಕಾಲು ಇಳಿಬಿಟ್ಟು ಕೂತ ಜಾಗ. ಕಟ್ಟೆಗಾಗಿ ಕಾಯುವವರ ಪಟ್ಟಿಯಲ್ಲಿ ಆಗ ನಲವತ್ತು ಹೆಸರಿದ್ದವು. ಒಮ್ಮೆ ಬಿಟ್ಟರೆ ನನ್ನ ಆಯಸ್ಸಿನಲ್ಲಿ ಅದು ತಿರುಗಿ ಸಿಗುವಂತಿರಲಿಲ್ಲ.

ಹೆರೆಯುತ್ತ ಹೆರೆಯುತ್ತ ಹಿಂಭಾಗಕ್ಕೆ ಬಂದೆ. ರೂಢಿಯಂತೆ ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಅಲ್ಲಾಡಬಾರದಷ್ಟು ಅಲ್ಲಾಡಿತು. ಚುಕ್ಕಾಣಿಯ ಕಾಲು ನಿಲ್ಲುವುದು ಒಂದು ಕಂಚಿನ ಬಟ್ಟಲಿನಲ್ಲಿ. ಅದಕ್ಕೆ ನಾವು ಹಿಮ್ಮಡಿ ಅನ್ನುತ್ತೇವೆ. ಒಂದೂವರೆ ಗೇಣು ಉದ್ದ, ಮೂರು ಬೋಲ್ಟು. ಮೇಲಿನ ಬಣ್ಣ ತೆಗೆದು ನೋಡಿದರೆ ಕಂಚು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಉಪ್ಪುನೀರು ಒಳಗಿನ ಸತ್ವ ತಿಂದರೆ ಹಾಗಾಗುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬೋಲ್ಟು ಕೂರುವ ಒಂದು ಕಿವಿ ರಸ್ಕಿನ ಹಾಗೆ ಮುರಿದು ಎದೆಯ ಮೇಲೆ ಬಿತ್ತು.

ಸಂಘದ ಬಂದರು ಉಸ್ತುವಾರಿ ರೂನೆ ಹತ್ತಿರ ಬಂದು ಬಗ್ಗಿ ನೋಡಿದ. ನಾನೂ ಅವನೂ ಒಂದೇ ಶಾಲೆಯವರು.

"ಇದು ಮುಗೀತು ಹೆನ್ನಿಂಗ್."

"ಗೊತ್ತಾಯ್ತು."

"ಸ್ಟೀಲಲ್ಲಿ ಒಂದು ಮಾಡಿಸಿ ಬೆಸುಗೆ ಹಾಕಿಸು. ಯಾರಿಗೆ ಕಾಣತ್ತೆ, ನೀರೊಳಗಿರೋದು."

"ಕೂರಲ್ಲ. ಎಕೆಲುಂಡ್‌ನೋರು ಇದರ ಸುತ್ತಾನೇ ತಳ ಎರೆದಿದಾರೆ. ಒಂದು ಕೂದಲು ಆಚೀಚೆ ಆದ್ರೂ ಗೂಡಿಗೆ ಹೋಗಲ್ಲ."

"ಹಂಗಾದ್ರೆ ಎಕೆಲುಂಡ್‌ನೋರನ್ನೇ ಕೇಳು," ಎಂದು ರೂನೆ ನಕ್ಕ. ನಕ್ಕಿದ್ದು ಸರಿಯೇ. ನಮ್ಮ ದೋಣಿ ಕಟ್ಟಿದ ಎಕೆಲುಂಡ್ ಸಹೋದರರ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು, ಅಣ್ಣತಮ್ಮ ಇಬ್ಬರೂ ಮಣ್ಣು ಸೇರಿದ್ದರು. "ಮೇ ಒಂಬತ್ತು, ಶನಿವಾರ, ದೋಣಿ ಇಳಿಸೋ ಕ್ರೇನು ಬರತ್ತೆ. ಆಮೇಲೆ ನನ್ನ ಬಯ್ಯಬೇಡ. ನಿಯಮ ಮಾಡಿದ್ದು ನಾನಲ್ಲ."

"ಅದಕ್ಕೆ ಕೈ ಎತ್ತಿದೋರಲ್ಲಿ ನಾನೂ ಒಬ್ಬ," ಎಂದೆ.

ಮೊದಲು ಹೋಗಿದ್ದು ಎಕೆಲುಂಡರ ಹಳೆಯ ಜಾಗಕ್ಕೇ. ಅವರ ಶೆಡ್ಡಿನಲ್ಲಿ ಈಗ ಪ್ರವಾಸದ ಗಾಡಿಗಳನ್ನು ಚಳಿಗಾಲಕ್ಕೆ ನಿಲ್ಲಿಸುತ್ತಾರೆ. ಪಕ್ಕದ ಮನೆಯಲ್ಲಿ ದೊಡ್ಡ ಎಕೆಲುಂಡನ ಮಗಳು ಗುನ್‌ವೋರ್ ಇದ್ದಳು. ನನ್ನಷ್ಟೇ ವಯಸ್ಸು. ಹಿಮ್ಮಡಿ ಎರಕ ಹೊಯ್ಯಲು ಬಳಸುತ್ತಿದ್ದ ಮರದ ಪಡಿಯಚ್ಚು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ.

"ಈಸ್ಟರ್ ಹಬ್ಬದ ಬೆಂಕಿಗೆ ಹೋಯ್ತು," ಎಂದಳು. "ಎಪ್ಪತ್ತೊಂಬತ್ತನೇ ಇಸವೀಲಿ. ಊರಿನ ಹುಡುಗ್ರು ಬಂದು ಸೌದೆ ಇದ್ಯಾ ಅಂತ ಕೇಳಿದ್ರು. ಅಪ್ಪ ಅಟ್ಟ ತೋರಿಸಿದ. ಪಡಿಯಚ್ಚೆಲ್ಲ ಪಿಯರ್ ಹಣ್ಣಿನ ಮರದ್ದು, ಹತ್ತು ವರ್ಷ ಒಣಗಿದ್ದು. ಆ ವರ್ಷ ನಮ್ಮೂರ ಬೆಂಕಿನೇ ಎಲ್ಲಕ್ಕಿಂತ ಎತ್ತರ. ಆಚೆ ದಡದೋರು ಹೊಟ್ಟೆ ಉರ್ಕೊಂಡ್ರು."

"ಅಪ್ಪ ನೋಡ್ತಿದ್ರಾ?"

"ನೋಡ್ತಿದ್ದ. ಪಿಯರ್ ಮರ ಚೆನ್ನಾಗಿ ಉರಿಯತ್ತೆ ಅಂದ, ಅಷ್ಟೇ."

ಹೊರಡುವಾಗ ಅವಳು ಒಂದು ಹಳೆಯ ಪಟ್ಟಿ ಕೊಟ್ಟಳು. ಎಕೆಲುಂಡರು ಕಟ್ಟಿದ ಅರವತ್ತಮೂರು ದೋಣಿಗಳು, ಒಂದೊಂದರ ಮುಂದೆ ಮೊದಲ ಮಾಲೀಕನ ಹೆಸರು, ಊರು, ಫೋನ್ ನಂಬರು. ಈ ದೋಣಿಯವರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವುದಿಲ್ಲ, ನಂಬರಿನಿಂದ ಕರೆಯುತ್ತಾರೆ. ಸಮುದ್ರದಲ್ಲಿ ಎದುರಾದರೆ ಕೈ ಎತ್ತಿ, "ಎಷ್ಟನೆಯದು?" ಎಂದು ಕೂಗುವುದು, ಉತ್ತರಕ್ಕೆ ಬೆರಳು ತೋರಿಸುವುದು. ನಾನು ಮೂವತ್ತೆಂಟು.

ಸಂಜೆ ಊಟವಾದ ಮೇಲೆ ಫೋನಿನ ಮುಂದೆ ಕೂತೆ. ಮೂವತ್ತನಾಲ್ಕು ವರ್ಷ ಹಳ್ಳಿಗಳ ಅಂಚೆಯವನಾಗಿದ್ದವನು ನಾನು. ವಿಳಾಸ ಹುಡುಕುವುದು ನನಗೆ ಹೊಸದಲ್ಲ. ಒಂದರಿಂದ ಶುರು ಮಾಡಿದೆ. ಒಂದನೆಯದು ಡೆನ್ಮಾರ್ಕಿಗೆ ಮಾರಿಹೋಗಿತ್ತು. ಎರಡನೆಯದಕ್ಕೆ ಒಬ್ಬ ವಿಧವೆ ಉತ್ತರ ಕೊಟ್ಟಳು. ದೋಣಿಯ ವಿಷಯ ಬಿಟ್ಟು ಗಂಡನ ಕಾಯಿಲೆಯ ವಿಷಯ ಹೇಳಿದಳು, ಅರ್ಧ ಗಂಟೆ ಕೇಳಿಸಿಕೊಂಡೆ. ನಾಲ್ಕನೆಯದು ಒಂದು ಶಿಶುವಿಹಾರದ ಅಂಗಳದಲ್ಲಿ ಮಕ್ಕಳು ಹತ್ತಿ ಇಳಿಯುವ ಆಟದ ಸಾಮಾನಾಗಿತ್ತು, ತಳ ಪೂರ್ತಿ ಕತ್ತರಿಸಿದ್ದರು. ಆರನೆಯದು ಮುಳುಗಿತ್ತು. ಒಂಬತ್ತನೆಯ ದೋಣಿಯವರ ಮಗ, "ಅಪ್ಪ ಹೋದ್ರು, ದೋಣಿ ಎಲ್ಲಿ ಹೋಯ್ತೋ," ಎಂದು ಇಟ್ಟುಬಿಟ್ಟ. ಎರಡು ದಿನ ಇದೇ ಆಯಿತು. ನನ್ನ ಮನೆಯಲ್ಲಿ ಒಂದು ವರ್ಷದಿಂದ ಅಷ್ಟು ಮಾತು ಕೇಳಿಸಿರಲಿಲ್ಲ. ಒಂದೂ ನನ್ನ ಜೊತೆ ಆಡಿದ ಮಾತಲ್ಲ ಅನಿಸುತ್ತಿತ್ತು.

ಮೂರನೆಯ ಸಂಜೆ ಹನ್ನೊಂದನೇ ದೋಣಿಯವರಿಗೆ ಫೋನ್ ಮಾಡಿದೆ. ವೇನರ್ನ್ ಸರೋವರದ ಹತ್ತಿರದ ಒಂದು ಹೊಲಮನೆ. ಬಹಳ ಹೊತ್ತು ಗಂಟೆ ಬಾರಿಸಿತು.

"ಮೂವತ್ತೆಂಟು ಮಾತಾಡ್ತಿರೋದು," ಎಂದೆ.

 ಆ ಕಡೆಯಿಂದ ವಯಸ್ಸಾದ ಗಂಡಸಿನ ದನಿ ಬಂತು. "ಹನ್ನೊಂದು."

ಆತನ ಹೆಸರು ಆಲ್ವಾರ್. ಇನ್ನೇನು ಎಂಬತ್ತು ತುಂಬುವವರು. ಹಿಮ್ಮಡಿ ಚೆನ್ನಾಗಿದೆ ಎಂದರು. ಸರೋವರದ್ದು ಸಿಹಿನೀರು, ಕಂಚನ್ನು ತಿನ್ನುವುದಿಲ್ಲ. ನಾನು ಬೆಲೆ ಕೇಳಿದೆ.

"ಮಾರಲ್ಲ."

"ಹಂಗಾದ್ರೆ ಸ್ವಲ್ಪ ದಿನಕ್ಕೆ ಕೊಡಿ. ಅದನ್ನ ನೋಡಿ ಇನ್ನೊಂದು ಎರಕ ಹೊಯ್ಯಿಸ್ತೀನಿ, ನಿಮ್ಮದು ನಿಮಗೆ ವಾಪಸ್. ಅಂಚೇಲಿ ಕಳಿಸಿದ್ರೂ ಸಾಕು."

"ಅಂಚೇನ ನಾನು ನಂಬಲ್ಲ."

"ನಾನು ಅಂಚೆಯವನೇ. ನಾನೂ ನಂಬಲ್ಲ," ಎಂದೆ. ಆತ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಬಂದು ಬಿಚ್ಚಿಕೊಂಡು ಹೋಗಿ ಎಂದರು.

ಎರಡೂವರೆ ಗಂಟೆಯ ದಾರಿ. ಹೊಲಗಳಲ್ಲಿ ಗೊಬ್ಬರ ಚೆಲ್ಲುವ ಕೆಲಸ ನಡೆದಿತ್ತು. ಆಲ್ವಾರ್ ಬಾಗಿಲಲ್ಲೇ ನಿಂತಿದ್ದರು, ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಬನ್ನಿ ಮೂವತ್ತೆಂಟ್ನೋರೆ. ಮೊದಲು ಕೆಲಸ, ಆಮೇಲೆ ಕಾಫಿ."

ದೋಣಿ ಹುಲ್ಲಿನ ಕಣಜದೊಳಗೆ ಇತ್ತು. ಮೈಮೇಲೆ ಬೆರಳು ಹೂತುಹೋಗುವಷ್ಟು ಧೂಳು. ಕೂರುವ ಜಾಗದ ಮೂಲೆಯಲ್ಲಿ ಬಾನಾಡಿಗಳ ಹಳೆಯ ಮಣ್ಣಿನ ಗೂಡು. ದೋಣಿಯನ್ನು ಆತ ಮತ್ತು ಆತನ ತಮ್ಮ ಇಂಗ್ವೆ ಸೇರಿ ಕೊಂಡಿದ್ದು. ಇಬ್ಬರೂ ಮದುವೆಯಾದವರಲ್ಲ. ಬಿತ್ತನೆ ಮುಗಿದ ಮೇಲೆ, ಹುಲ್ಲು ಕೊಯ್ಯುವ ಮೊದಲು, ವರ್ಷಕ್ಕೆ ಹದಿನೈದು ದಿನ ಸರೋವರದ ಮೇಲೆ ಇರುತ್ತಿದ್ದರಂತೆ. ಇಂಗ್ವೆ ಹೋಗಿ ಒಂಬತ್ತು ವರ್ಷ.

"ಹಾಯಿಯ ಕಂಬ ಎತ್ತಕ್ಕೆ ಇಬ್ಬರು ಬೇಕು," ಎಂದರು, ಅದೊಂದೇ ಕಾರಣ ಎನ್ನುವ ಹಾಗೆ.

ಇಬ್ಬರೂ ಹುಲ್ಲಿನ ಮೇಲೆ ಮಲಗಿ ಬೋಲ್ಟು ಬಿಚ್ಚಿದೆವು. ಆತ ಸ್ಪ್ಯಾನರ್ ಹಿಡಿದರು, ನಾನು ತಿರುಗಿಸಿದೆ. ಮೂರನೆಯದು ಬರಲಿಲ್ಲ, ಎಣ್ಣೆ ಬಿಟ್ಟು ಕಾದೆವು.  ಕೊನೆಗೆ ಹಿಮ್ಮಡಿ ಕೈಗೆ ಬಂತು. ತೂಕವಾಗಿ, ಜೇನಿನ ಬಣ್ಣದಲ್ಲಿ, ಎಕೆಲುಂಡರ ಶೆಡ್ಡಿನಿಂದ ಈಗತಾನೇ ಬಂದ ಹಾಗಿತ್ತು.

ಕಾಫಿಯ ಜೊತೆ ಏಲಕ್ಕಿ ಬನ್ನು ಇಟ್ಟಿದ್ದರು, ಅಂಗಡಿಯದು, ನನಗಾಗಿ ತಂದಿದ್ದು. ಹೊರಡುವಾಗ ಹಿಮ್ಮಡಿಯನ್ನು ತಾವೇ ಟವೆಲಿನಲ್ಲಿ ಸುತ್ತಿಕೊಟ್ಟರು.

"ಜೂನಲ್ಲಿ, ನಡುಬೇಸಿಗೆ ಹಬ್ಬದೊಳಗೆ ತಂದುಕೊಡಿ."

"ಖಂಡಿತ. ಯಾಕೆ, ನೀರಿಗೆ ಇಳಿಸ್ತೀರಾ?" ಎಂದು ತಮಾಷೆಗೆ ಕೇಳಿದೆ.

"ಇಳಿಸಲ್ಲ ಅಂತ ಯಾರು ಅಂದ್ರು?"

ಅದನ್ನು ನಾನು ಮುದುಕರ ಮಾತು ಎಂದುಕೊಂಡೆ. ನಾನೂ ಅರವತ್ತೆಂಟರವನು ಎನ್ನುವುದು ಆಗ ನೆನಪಾಗಲಿಲ್ಲ.

ನಮ್ಮ ಕಡೆ ಉಳಿದಿರುವುದು ಒಂದೇ ಎರಕದ ಕಾರ್ಖಾನೆ. ಬಾಗಿಲ ಹಿಡಿ, ಸಮಾಧಿಯ ದೀಪ, ಇಂಥವನ್ನು ಹೊಯ್ಯುತ್ತದೆ. ಅದರ ಯಜಮಾನ ನಿಲ್ಸ್-ಎರಿಕ್ ಹಿಮ್ಮಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದನ್ನೇ ಮರಳಲ್ಲಿ ಒತ್ತಿ ಅಚ್ಚು ತಗೀಲಾ? ಅಥವಾ ಮೇಲೆ ಸ್ವಲ್ಪ ಮೇಣ ಹಚ್ಚಿ ದಪ್ಪ ಮಾಡ್ಕೊಳ್ಲಾ?"

"ಮೇಣ ಗೀಣ ಬೇಡ," ಎಂದೆ. "ಎಕೆಲುಂಡ್ ಅಳತೆ. ಇದು ಹೆಂಗಿದ್ಯೋ ಹಂಗೇ. ಒಂದು ಕೂದಲು ಹೆಚ್ಚಾಗ್ಬಾರ್ದು."

"ಹಂಗೇನಾ?"

"ಹಂಗೇ."

ಆತ ನನ್ನ ಮುಖ ನೋಡಿದ, ಏನೋ ಹೇಳಲು ಹೊರಟವನು ಬಿಟ್ಟುಬಿಟ್ಟ. ಈ ದೋಣಿಯವರ ಗತ್ತು ಆತನಿಗೆ ಗೊತ್ತಿತ್ತು. ನಾವು ಅಳತೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ. ಎಕೆಲುಂಡರಿಗಿಂತ ಹೆಚ್ಚು ಬಲ್ಲವನು ಹುಟ್ಟಿಲ್ಲ ಎನ್ನುವುದು ನಮ್ಮೊಳಗಿನ ನಂಬಿಕೆ.

ಮೇ ಏಳನೇ ತಾರೀಕು, ಗುರುವಾರ, ಹೊಸದು ಕೈಗೆ ಬಂತು. ಹೊಳೆಯುತ್ತಿತ್ತು. ಅಂಗಳಕ್ಕೆ ತಂದು ದೋಣಿಯ ಕೆಳಗೆ ಮಲಗಿ ಗೂಡಿಗೆ ಒತ್ತಿದೆ. ಕೂರಲಿಲ್ಲ. ಹುಡಿ ಸಿಕ್ಕಿರಬೇಕೆಂದು ಒರೆಸಿ ಮತ್ತೆ ಒತ್ತಿದೆ. ಮುಂದಿನ ಬೋಲ್ಟಿನ ತೂತು ಸರಿಹೊಂದಿದರೆ ಹಿಂದಿನದು ಅರ್ಧ ಮುಚ್ಚುತ್ತಿತ್ತು. ಎರಡನ್ನೂ ಪಕ್ಕಪಕ್ಕ ಜಲ್ಲಿಯ ಮೇಲೆ ಇಟ್ಟು ನೋಡಿದೆ. ಹೊಸದು ಐದು ಮಿಲಿಮೀಟರು ಗಿಡ್ಡ.

ಹತ್ತಿರದ ಫೋನಿನಿಂದ ನಿಲ್ಸ್-ಎರಿಕ್‌ನನ್ನು ಕೇಳಿದೆ.

"ಕುಗ್ಗತ್ತಲ್ಲ," ಎಂದ. "ಕಾಯ್ದ ಕಂಚು ತಣಿದ ಮೇಲೆ ಕುಗ್ಗತ್ತೆ. ಅದಕ್ಕೇ ಪಡಿಯಚ್ಚನ್ನ ಯಾವಾಗ್ಲೂ ಸ್ವಲ್ಪ ದೊಡ್ಡದು ಮಾಡೋದು. ನಾನು ಮೇಣ ಅಂದೆ. ನೀವು ಬೇಡ ಅಂದ್ರಿ."

"ಹೇಳಬಾರ್ದಾಗಿತ್ತಾ?"

"ನಿಮಗೆ ಗೊತ್ತಿದೆ ಅನ್ಕೊಂಡೆ. ಅಷ್ಟು ಖಡಕ್ಕಾಗಿ ಹೇಳಿದ್ರಲ್ಲ."

ಇನ್ನೊಂದು ಹೊಯ್ಯಲು ಎರಡು ವಾರ ಬೇಕು. ಕ್ರೇನು ನಾಡಿದ್ದು.

ಆ ಸಂಜೆ ಅಂಗಳದಲ್ಲಿ ಒಬ್ಬನೇ ಕೂತಿದ್ದೆ. ಬೆಳಕಿನ್ನೂ ಚೆನ್ನಾಗಿತ್ತು. ಎಲ್ಲರೂ ಕೆಲಸ ಮುಗಿಸಿ ಮನೆಗೆ ಹೋಗಿದ್ದರು, ದೋಣಿಗಳ ಹೊಸ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಎರಡೂ ಹಿಮ್ಮಡಿಗಳು ನನ್ನ ಕಾಲಬುಡದಲ್ಲಿದ್ದವು. ನಾನು ಧೂಳನ್ನು ನೆನೆಸಿಕೊಂಡೆ. ಬಾನಾಡಿಯ ಗೂಡನ್ನು ನೆನೆಸಿಕೊಂಡೆ. ಒಂಬತ್ತು ವರ್ಷ ಹುಲ್ಲಿನಲ್ಲಿ ಕೂತ ದೋಣಿಗೆ ಐದು ಮಿಲಿಮೀಟರು ಏನು ಲೆಕ್ಕ ಎಂದುಕೊಂಡೆ. ನೆನೆಸಿಕೊಳ್ಳಬೇಕಾದ್ದನ್ನೆಲ್ಲ ನೆನೆಸಿಕೊಂಡಾದ ಮೇಲೆ ಆಲ್ವಾರ್ ಅವರ ಹಳೆಯದನ್ನು ಎತ್ತಿಕೊಂಡು ದೋಣಿಯ ಕೆಳಗೆ ಮಲಗಿದೆ. ಅದು ಗೂಡಿಗೆ ಸುಮ್ಮನೆ ಜಾರಿ ಕೂತಿತು. ಮೂರು ಬೋಲ್ಟುಗಳೂ ಬೆರಳಿನಲ್ಲೇ ತಿರುಗಿದವು.

ಶನಿವಾರ ಕ್ರೇನು ಬಂತು. ಒಬ್ಬರ ದೋಣಿಗೆ ಇನ್ನೊಬ್ಬರು ಹಗ್ಗ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ದೋಣಿ ನೀರಿಗಿಳಿದವು. ನನ್ನದು ಹದಿನೇಳನೆಯದು.

"ಸಿಕ್ತಲ್ಲ ಹಿಮ್ಮಡಿ," ಎಂದ ರೂನೆ.

"ಸಿಕ್ತು."

"ಹೊಸದೋ?"

"ಹಳೇದು. ಒಳ್ಳೇದು."

ಕಟ್ಟೆಯ ಕೊನೆಯಿಂದ ಮೂರನೆಯ ಜಾಗಕ್ಕೆ ಕಟ್ಟಿದೆ. ಎರಡು ಕಾಫಿ ಕಪ್ಪು ತಂದಿದ್ದೆ, ಅಭ್ಯಾಸ. ಒಂದನ್ನು ಚೀಲದಲ್ಲೇ ಬಿಟ್ಟೆ. ಗಾಳಿ ಹಿತವಾಗಿತ್ತು, ಚುಕ್ಕಾಣಿ ಎಳ್ಳಷ್ಟೂ ಅಲ್ಲಾಡುತ್ತಿರಲಿಲ್ಲ. ಮಾಯ್ಲಿಸ್ ಇದ್ದಿದ್ದರೆ ಆ ಕಂಚು ಯಾರದು ಎಂದು ಮೊದಲು ಕೇಳುತ್ತಿದ್ದಳು. ಕೇಳುವವರು ಇಲ್ಲದಿದ್ದರೆ ಮನುಷ್ಯನಿಗೆ ಎಷ್ಟೋ ಕೆಲಸ ಸಲೀಸಾಗುತ್ತದೆ.

ಮೇ ಕಳೆಯಿತು. ಆಲ್ವಾರ್‌ಗೆ ಕಾಗದ ಬರೆಯಬೇಕೆಂದು ಎರಡು ಸಲ ಕೂತೆ, ಬರೆಯಲಿಲ್ಲ. ಆ ದೋಣಿ ಹೇಗೂ ನೀರಿಗಿಳಿಯುವುದಿಲ್ಲ ಎಂದು ಇನ್ನೊಂದು ಎರಕವನ್ನೂ ಹೊಯ್ಯಿಸಲಿಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆ, ಬುಧವಾರ, ಹೊಸ ಹಿಮ್ಮಡಿಯನ್ನು ಅದೇ ಟವೆಲಿನಲ್ಲಿ ಸುತ್ತಿ ಹೊರಟೆ. ಮರಳು ಕಾಗದದಲ್ಲಿ ಉಜ್ಜಿ ಹೊಳಪು ತೆಗೆದಿದ್ದೆ. ಚಹಾದ ಕಷಾಯದಲ್ಲಿ ಅದ್ದಿಟ್ಟು ಬಣ್ಣ ಮಂಕು ಮಾಡಿದ್ದೆ. ಇದನ್ನು ಹೇಳದೆ ಬಿಟ್ಟಿದ್ದರೆ ಕಥೆ ನನಗೆ ಸ್ವಲ್ಪ ಒಳ್ಳೆಯದಾಗುತ್ತಿತ್ತು.

ಹೊಲಮನೆಯ ಅಂಗಳಕ್ಕೆ ಕಾರು ತಿರುಗಿಸಿದಾಗಲೇ ದೋಣಿ ಕಂಡಿತು. ಕಣಜದಿಂದ ಹೊರಗೆ ತಂದು ಗಾಡಿಯ ಮೇಲೆ ನಿಲ್ಲಿಸಿದ್ದರು. ಮೈ ತೊಳೆದು ಮೇಣ ತಿಕ್ಕಿದ್ದರು. ತಳಕ್ಕೆ ಹೊಸ ಕೆಂಪು ಬಣ್ಣ, ಅಂಚು ನೂಲು ಹಿಡಿದ ಹಾಗಿತ್ತು. ಕಂಬವನ್ನು ಎರಡು ಕುರ್ಚಿಗಳ ಮೇಲೆ ಅಡ್ಡಲಾಗಿ ಇಟ್ಟು ಹಗ್ಗಗಳನ್ನೆಲ್ಲ ಹೊಸದು ಮಾಡಿದ್ದರು. ಚುಕ್ಕಾಣಿ ಗೋಡೆಗೆ ಒರಗಿ ನಿಂತಿತ್ತು.

ಆಲ್ವಾರ್ ಏಣಿಯಿಂದ ಮೆಲ್ಲಗೆ ಇಳಿದು ಬಂದರು. ಕೈಗೆಲ್ಲ ಬಣ್ಣ.

"ನೀವು ಬಂದು ಹೋದ ಮೇಲೆ ಸುಮ್ಮನೆ ಇರಕ್ಕಾಗಲಿಲ್ಲ," ಎಂದರು. "ಆ ಮೂವತ್ತೆಂಟು ಈ ವಯಸ್ಸಲ್ಲಿ ಒಬ್ಬನೇ ಇಳಿಸ್ತಾನೆ ಅಂದ್ರೆ ನನಗೇನಾಗಿದೆ ಅಂತ. ಪಕ್ಕದ ಹೊಲದ ಬೆಂಗ್ಟ್ ಟ್ರ್ಯಾಕ್ಟರ್ ತರ್ತೀನಿ ಅಂದಿದಾನೆ, ನಾಳೆ. ಕಂಬ ಎತ್ತಕ್ಕೆ ಅವನ ಮಗನೂ ಬರ್ತಾನೆ. ಇದೊಂದೇ ಬಾಕಿ."

ಟವೆಲ್ ಬಿಚ್ಚಿದರು. ಅಂಗೈಯಲ್ಲಿ ಇಟ್ಟು ತೂಗಿದರು. ಮೊಣಕಾಲೂರಿ, ಆಮೇಲೆ ಒಂದು ಪಕ್ಕಕ್ಕೆ ವಾಲಿ, ನಿಧಾನವಾಗಿ ದೋಣಿಯ ಕೆಳಗೆ ಹೋದರು. ಗೂಡಿಗೆ ಒತ್ತುವ ಸದ್ದು ಕೇಳಿತು. ಮತ್ತೊಮ್ಮೆ ಕೇಳಿತು.  ಆತನ ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು.

"ಇದು ನಂದಲ್ಲ," ಎಂದರು ಅಲ್ಲಿಂದಲೇ.

"ಅಲ್ಲ."

"ನಂದೆಲ್ಲಿ?"

"ನನ್ನ ದೋಣೀಲಿ. ನೀರಲ್ಲಿದೆ."

ನಡೆದಿದ್ದನ್ನೆಲ್ಲ ಹೇಳಿದೆ, ಅಂಗಳದಲ್ಲಿ ನಿಂತು, ಆ ಬೂಟುಗಳಿಗೆ. ಮೇಣದ ವಿಷಯ, ಗುರುವಾರ, ಶನಿವಾರ. ಚಹಾದ ವಿಷಯ ಹೇಳಲಿಲ್ಲ. ಆತ ಹೊರಗೆ ಬಂದು ಹುಲ್ಲಿನ ಮೇಲೆ ಕೂತರು.

"ಎರಕ ಕುಗ್ಗತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಇರಲಿಲ್ಲ."

"ಇಂಗ್ವೆಗೆ ಗೊತ್ತಿತ್ತು," ಎಂದರು. "ಇವಾಗ ಮೇಣ ಹಚ್ಚಿ ಇನ್ನೊಂದು ಹೊಯ್ಯಿಸಿದ್ರೆ?"

"ಕಾರ್ಖಾನೆಗೆ ಶುಕ್ರವಾರದಿಂದ ಹಬ್ಬ. ಆಮೇಲೆ ಜುಲೈ ಪೂರ್ತಿ ರಜ. ಆಗಸ್ಟಲ್ಲಿ ಮಾಡಿಕೊಡ್ತಾರೆ."

"ಆಗಸ್ಟಲ್ಲಿ ಬೆಂಗ್ಟ್‌ಗೆ ಕೊಯ್ಲು. ಟ್ರ್ಯಾಕ್ಟರ್ ಸಿಗಲ್ಲ." ಆತ ಬೆರಳಿಗಂಟಿದ ಬಣ್ಣವನ್ನು ಹುಲ್ಲಿಗೆ ಒರೆಸಿದರು. "ನಿಮ್ಮ ದೋಣಿ ಮೇಲೆತ್ತೋ ಕ್ರೇನು ಯಾವಾಗ?"

"ಸೆಪ್ಟೆಂಬರ್ ಹನ್ನೆರಡಕ್ಕೆ."

ದುಡ್ಡು ಕೊಟ್ಟರೆ ಕ್ರೇನು ಯಾವತ್ತು ಬೇಕಾದರೂ ಬರುತ್ತಿತ್ತು. ಅದು ನನಗೆ ಗೊತ್ತಿತ್ತು, ಆತನಿಗೂ ಗೊತ್ತಿದ್ದೀತು. ಬಂದರೆ ನನ್ನ ದೋಣಿ ಮೇಲೆ, ಆತನದು ನೀರಲ್ಲಿ. ಕಟ್ಟೆಯ ಜಾಗವಂತೂ ಈ ವರ್ಷಕ್ಕೆ ಉಳಿದಾಗಿತ್ತು. ಆದರೂ ಆ ಮಾತು ನನ್ನ ಬಾಯಿಂದ ಬರಲಿಲ್ಲ. ಆತನೂ ಕೇಳಲಿಲ್ಲ. ಕೇಳಲಿ ಎಂದು ನಾನು ಕಾದೆ ಎಂದೇ ಹೇಳಬೇಕು. ಕೇಳಿದ್ದರೆ ಹೂಂ ಅನ್ನುತ್ತಿದ್ದೆ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಅದರ ಬದಲು ಬೇರೆ ಮಾತು ಹೇಳಿದೆ. "ನನ್ನ ದೋಣೀಲೇ ಬನ್ನಿ. ಹದಿನೈದು ದಿನ. ಮಲಗಕ್ಕೆ ಎರಡು ಜಾಗ ಇದೆ, ಒಂದು ಖಾಲಿನೇ."

ಆತ ನನ್ನನ್ನು ನೋಡಿದರು. ಕೋಪವೇನೂ ಕಾಣಲಿಲ್ಲ.

"ನನಗೆ ದೋಣಿ ಇದೆಯಲ್ಲ," ಎಂದರು.

ಎದ್ದು ಒಳಗೆ ಹೋದರು. ಅಡುಗೆಮನೆಯ ಕಿಟಕಿ ತೆರೆದಿತ್ತು, ಫೋನಿನಲ್ಲಿ ಬೆಂಗ್ಟ್ ಜೊತೆ ಮಾತಾಡುವುದು ಕೇಳುತ್ತಿತ್ತು. "ಇಲ್ಲ, ನಾಳೆ ಬೇಡ... ಇಲ್ಲಪ್ಪ, ಆರಾಮಾಗೇ ಇದೀನಿ. ಒಂದು ಸಾಮಾನು ಬರಬೇಕಿತ್ತು, ಬರಲಿಲ್ಲ... ಇಲ್ಲ, ಯಾರ ತಪ್ಪೂ ಅಲ್ಲ. ಹಳೇ ದೋಣಿ, ಗೊತ್ತಲ್ಲ, ಮಾಡಿದೋರೇ ಇಲ್ಲ."

ಹೊರಗೆ ಬಂದಾಗ ಕೈಯಲ್ಲಿ ಮಡಿಸಿದ ತಾಡಪಾಲು ಇತ್ತು. ಕಣಜದೊಳಗೆ ತಳ್ಳಲು ಟ್ರ್ಯಾಕ್ಟರ್ ಬೇಕು, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದರು. ಒಂದು ತುದಿ ನನ್ನ ಕೈಗೆ ಕೊಟ್ಟರು. ಜೂನ್ ತಿಂಗಳ ಬಿಸಿಲಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಹಬ್ಬದ ಕಂಬಕ್ಕೆ ಸೊಪ್ಪು ಹೂವು ಕಟ್ಟುತ್ತಿರುವಾಗ, ನಾವಿಬ್ಬರು ಹೊಸ ಬಣ್ಣದ ದೋಣಿಗೆ ಚಳಿಗಾಲದ ಹೊದಿಕೆ ಹೊದಿಸಿದೆವು. ಆತ ಆ ಕಡೆಯಿಂದ ಹಗ್ಗ ದಾಟಿಸುತ್ತಿದ್ದರು, ನಾನು ಈ ಕಡೆ ಎಳೆದು ಗಂಟು ಹಾಕುತ್ತಿದ್ದೆ. ದೋಣಿಯ ಹೊಟ್ಟೆಯ ಕೆಳಗಿನಿಂದ ಆತನ ಕೈ ಮಾತ್ರ ಕಾಣುತ್ತಿತ್ತು.

"ಬಿಗಿಯಾಗಿ ಕಟ್ಟಿ," ಎಂದರು. "ಇಲ್ಲಿ ಗಾಳಿ ಜಾಸ್ತಿ."

ಬಿಗಿಯಾಗಿಯೇ ಕಟ್ಟಿದೆ. ಕಾಫಿಗೆ ಕರೆಯಲಿಲ್ಲ, ನಾನೂ ನಿಲ್ಲಲಿಲ್ಲ. ಸೆಪ್ಟೆಂಬರ್ ಹನ್ನೆರಡಕ್ಕೆ ಬಿಚ್ಚಿ ಮಾರನೆಯ ದಿನವೇ ತಂದುಕೊಡುತ್ತೇನೆ ಎಂದು ಕಾರಿನ ಬಾಗಿಲಲ್ಲಿ ನಿಂತು ಹೇಳಿದೆ. ಆತ ತಲೆಯಾಡಿಸಿ, ಗಿಡ್ಡ ಹಿಮ್ಮಡಿಯನ್ನು ಟವೆಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಟವೆಲನ್ನು ಮಡಿಸಿ ತಾವೇ ಇಟ್ಟುಕೊಂಡರು, ಅದು ಅವರ ಮನೆಯದು.